ಸೇಸಮ್ಮಕ್ಕನ ಕೆಮ್ಮು

ನಮ್ಮ ಸಿದ್ಧಕಟ್ಟೆಯಲ್ಲಿ ಕೆಲವರು ನನ್ನನ್ನು ಈಗಲೂ ಡೈರೆಕ್ಟರ್ ಎಂದೇ ಕರೆಯುತ್ತಾರೆ. ಮೀನು ತರಲು ಹೋದಾಗ, ಕ್ಷೌರಕ್ಕೆ ಕೂತಾಗ, ಮದುವೆ ಹಾಲಿನಲ್ಲಿ ಟ್ರೈಪಾಡ್ ಹೊತ್ತುಕೊಂಡು ಓಡಾಡುವಾಗ ಯಾರಾದರೂ ಹಿಂದಿನಿಂದ ಕೂಗುತ್ತಾರೆ. ನನ್ನ ಹೆಸರು ಅಶ್ವಿತ್. ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಪಾಸ್‌ಪೋರ್ಟ್ ಫೋಟೋ, ಮದುವೆ ವಿಡಿಯೋ, ಗೃಹಪ್ರವೇಶದ ಲೈವ್, ಇಷ್ಟೇ ನನ್ನ ಕಸುಬು. ಹದಿನೇಳನೆಯ ವಯಸ್ಸಿನಲ್ಲಿ ಹನ್ನೊಂದು ನಿಮಿಷದ ಒಂದು ಸಿನಿಮಾ ಮಾಡಿ ಜಿಲ್ಲೆಗೆ ಮೊದಲ ಬಹುಮಾನ ತಂದಿದ್ದೆ. ಡೈರೆಕ್ಟರ್ ಎನ್ನುವುದು ಅದಕ್ಕೆ. ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಾರೆ. ನನಗೆ ಮಾತ್ರ ಆ ಶಬ್ದ ಕಿವಿಗೆ ಬಿದ್ದರೆ ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದಂತಾಗುತ್ತದೆ.

ಆ ಸಿನಿಮಾದಲ್ಲಿ ಇದ್ದದ್ದು ಒಬ್ಬರೇ, ನಮ್ಮ ನೆರೆಮನೆಯ ಸೇಸಮ್ಮಕ್ಕ. ಅವರ ಬಗ್ಗೆ ಮೊದಲು ಹೇಳಬೇಕು. ಗಂಡ ಬಾವಿ ತೋಡುವ ಕೆಲಸದವರು, ಮಗಳು ಸರಸ ಇನ್ನೂ ಶಾಲೆಗೆ ಸೇರುವ ಮೊದಲೇ ತೀರಿಹೋಗಿದ್ದರು. ಅಲ್ಲಿಂದ ಮುಂದೆ ಆ ಮನೆ ನಡೆದದ್ದು ಬೀಡಿಯಿಂದ. ಬೆಳಗ್ಗೆ ಎಲೆ ನೆನೆಸಿಟ್ಟು, ಗಂಜಿ ಬೇಯಿಸಿ, ದನಕ್ಕೆ ಹುಲ್ಲು ಹಾಕಿ, ಮಂಗಳೂರು ಆಕಾಶವಾಣಿ ಹಚ್ಚಿಕೊಂಡು ಅವರು ತೊಡೆಯ ಮೇಲೆ ತಡ್ಪೆ ಎಂಬ ಬೀಡಿಯ ಮೊರ ಎಳೆದುಕೊಂಡು ಕೂತರೆಂದರೆ ಬೆರಳುಗಳಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತ, ಯಾರ ಮನೆಯಲ್ಲಿ ಊಟಕ್ಕೆ ಯಾವ ಪದಾರ್ಥ ಎಂದು ವಿಚಾರಿಸುತ್ತ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುತ್ತಿ, ನೂಲು ಹಾಕಿಬಿಡುತ್ತಿದ್ದರು. ಕಟ್ಟಿದ ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಒಂದೊಂದು ಕಟ್ಟನ್ನೂ ಅಮುಕಿ ನೋಡಿ, ಸರಿಯಿಲ್ಲದ್ದನ್ನು ಎದುರಿಗೇ ಮುರಿದು ಹಾಕುತ್ತಾನೆ. ಬೇರೆ ಹೆಂಗಸರು ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲುವಾಗ ಸೇಸಮ್ಮಕ್ಕ ಗೋಡೆಯ ಕ್ಯಾಲೆಂಡರ್ ಓದುತ್ತ ನಿಲ್ಲುತ್ತಿದ್ದರು. ಅವರ ಒಂದು ಕಟ್ಟೂ ವಾಪಸು ಬಂದದ್ದಿಲ್ಲ ಎನ್ನುವುದು ಅವರಿಗಿದ್ದ ಒಂದೇ ಜಂಬ. ಆ ಜಂಬವನ್ನು ಊರವರೂ ಒಪ್ಪಿಕೊಂಡಿದ್ದರು.

ನಾನಾಗ ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ. ಬಹರೈನಿನಲ್ಲಿದ್ದ ಮಾವ ರಜೆಗೆ ಬರುವಾಗ ಒಂದು ಹ್ಯಾಂಡಿಕ್ಯಾಮ್ ತಂದಿದ್ದರು. ಅದನ್ನು ಅವರಿಗಿಂತ ಹೆಚ್ಚು ಹಿಡಿದುಕೊಂಡು ತಿರುಗಿದವನು ನಾನು. ಅದೇ ಸಮಯಕ್ಕೆ ಜಿಲ್ಲೆಯ ಕಾಲೇಜುಗಳಿಗೆಂದು ಒಂದು ಕಿರುಚಿತ್ರ ಸ್ಪರ್ಧೆ ಬಂತು, ವಿಷಯ ದುಡಿಯುವ ಹೆಂಗಸರ ಆರೋಗ್ಯ. ನಾನೂ ನನ್ನ ಕ್ಲಾಸಿನ ಉಜ್ವಲನೂ ಕುಣಿದಾಡಿದೆವು. ಉಜ್ವಲ ಮಾತಿನ ಮಲ್ಲ, ಥರ್ಮೊಕೋಲ್ ಹಿಡಿದು ಬೆಳಕು ಹಾಯಿಸುವ ಕೆಲಸ ಅವನದು. ನಾನು ಒಂದು ಕ್ಯಾಪ್ ಕೊಂಡು ಅದನ್ನು ತಿರುಗಿಸಿ ಹಾಕಿಕೊಂಡೆ. ಆ ಕ್ಯಾಪಿನ ಫೋಟೋ ಅಮ್ಮನ ಆಲ್ಬಮ್ಮಿನಲ್ಲಿ ಇತ್ತು, ಕಳೆದ ವರ್ಷ ಹರಿದು ಒಲೆಗೆ ಹಾಕಿದೆ.

ಕಥೆ ನಾನೇ ಬರೆದದ್ದು. ಬೀಡಿ ಕಟ್ಟುವ ಒಬ್ಬ ತಾಯಿಗೆ ಕ್ಷಯ ಬರುತ್ತದೆ, ಮಗಳಿಗೆ ತಿಳಿಯಬಾರದೆಂದು ಮುಚ್ಚಿಡುತ್ತಾಳೆ, ಕೊನೆಗೆ ತಡ್ಪೆಯ ಮುಂದೆಯೇ ಸಾಯುತ್ತಾಳೆ. ಹೆಸರು ‘ಹೊಗೆಯ ಮನೆ’. ತಾಯಿಯ ಪಾತ್ರಕ್ಕೆ ಸೇಸಮ್ಮಕ್ಕನನ್ನು ಕೇಳಿದಾಗ ಅವರು ಮಗಳ ಮುಖ ನೋಡಿ ನಕ್ಕರು. ಅವರಿಗೆ ಆಗ ಐವತ್ತೈದು ದಾಟಿತ್ತು, ಒಂದು ದಿನ ಜ್ವರವೆಂದು ಮಲಗಿದವರಲ್ಲ. ನೆರೆಮನೆಯ ಮಗು ಕೇಳುತ್ತದಲ್ಲ ಎಂದು ಒಪ್ಪಿದರು. ಶೂಟಿಂಗಿನ ದಿನ ಬೀಡಿ ಕಡಿಮೆಯಾಗುತ್ತದೆ ಎಂದು ಸರಸ ಹೇಳಿದರೂ, ಭಾನುವಾರ ಸರಿದೂಗಿಸಿದರಾಯಿತು ಅಂದರು.

ತೊಂದರೆ ಶುರುವಾದದ್ದು ಭಾಷೆಯಿಂದ. ಸ್ಪರ್ಧೆಗೆ ಕನ್ನಡದ ಚಿತ್ರವೇ ಆಗಬೇಕು. ಸೇಸಮ್ಮಕ್ಕ ದಿನವಿಡೀ ಮಾತಾಡುವುದು ತುಳು, ಕನ್ನಡ ಅಂದರೆ ಅವರಿಗೆ ಮೂರನೇ ಕ್ಲಾಸಿನ ಪಾಠಪುಸ್ತಕ. ತುಳುವಿನಲ್ಲಿ ನಾಲ್ಕು ಮನೆಗೆ ಕೇಳುವ ಹಾಗೆ ನಗುವ ಹೆಂಗಸು ನನ್ನ ಕ್ಯಾಮರಾದ ಮುಂದೆ ಕೈಕಟ್ಟಿ, ನೆಟ್ಟಗೆ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ ‘ಮಗಳೇ, ನನ್ನ ಎದೆಯೊಳಗೆ ನೋವಾಗುತ್ತಿದೆ’ ಎಂದು ಒಪ್ಪಿಸಿದರು. ಉಜ್ವಲ ಥರ್ಮೊಕೋಲಿನ ಹಿಂದೆ ಬಿದ್ದು ಬಿದ್ದು ನಕ್ಕ. ಎಂಟು ಸಲ ಆದ ಮೇಲೆ ನಾನು ಸಂಭಾಷಣೆಯನ್ನೆಲ್ಲ ಕಿತ್ತುಹಾಕಿದೆ. ಮಾತಾಡುವುದು ಬೇಡ, ಕೆಮ್ಮಿದರೆ ಸಾಕು ಅಂದೆ.

ಕೆಮ್ಮಲೂ ಅವರಿಗೆ ಬರಲಿಲ್ಲ. ಯಾರದಾದರೂ ಮನೆಯ ಅಂಗಳಕ್ಕೆ ಬಂದವರು ಒಳಗಿನವರಿಗೆ ತಿಳಿಯಲೆಂದು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅಂಥ ಮರ್ಯಾದೆಯ ಕೆಮ್ಮು. ನನಗೆ ಸಿಟ್ಟು ಬಂತು. ಅವರು ಅಡಿಗೆಕೋಣೆಯಲ್ಲಿ ಕೂತಿದ್ದಾಗ ನಾನು ಒಲೆಯ ಕೆಂಡಕ್ಕೆ ಒಂದು ಹಿಡಿ ಒಣಮೆಣಸು ಸುರಿದೆ. ಮೊದಲೇ ಹೇಳಲಿಲ್ಲ, ಹೇಳಿದರೆ ಸಹಜವಾಗಿ ಬರುವುದಿಲ್ಲ ಎಂದು ಎಲ್ಲೋ ಓದಿದ್ದೆ. ಘಾಟು ಎದ್ದಿತು. ನಾನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದೆ. ಅವರು ಕೆಮ್ಮಿದರು, ಬಗ್ಗಿ ಬಗ್ಗಿ ಕೆಮ್ಮಿದರು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಒಮ್ಮೆ ನನ್ನ ಕಡೆ ಕೈಯೆತ್ತಿ ಸಾಕು ಎಂದು ಅಲ್ಲಾಡಿಸಿದರು. ನಾನು ನಿಲ್ಲಿಸಲಿಲ್ಲ. ಆ ಕೈಯ ಮೇಲೆ ಝೂಮ್ ಮಾಡಿದೆ. ಆಮೇಲೆ ಅವರ ಮೈ ಒರೆಸುವ ಬೈರಾಸಿಗೆ ರಕ್ತದ ಹಾಗೆ ಕಾಣಲೆಂದು ಪುನರ್ಪುಳಿ ಹಣ್ಣಿನ ಕೆಂಪು ರಸ ಹಚ್ಚಿ, ಬಾಯಿ ಒರೆಸಿಕೊಳ್ಳುವ ದೃಶ್ಯ ತೆಗೆದೆ. ಅದು ತೆಳು ಗುಲಾಬಿ ಕಾಣುತ್ತದೆಂದು ಎರಡು ಸಲ ಹಚ್ಚಿದೆ.

ಮುಗಿದ ಮೇಲೆ ಅವರು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಸರಿಯಾಯಿತಾ ಮಗಾ ಎಂದು ಕೇಳಿದರು. ನಮಗಿಬ್ಬರಿಗೂ ಅವಲಕ್ಕಿ ಕಲಸಿಕೊಟ್ಟರು. ನಾನು ಅದನ್ನು ತಿಂದೆ. ಈ ಸಾಲು ಬರೆಯುವಾಗ ಹದಿನೇಳರ ಆ ಹುಡುಗನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ಅವನಿಗೆ ಬುದ್ಧಿ ಇರಲಿಲ್ಲ, ಚಿಕ್ಕವನು ಎಂದು ಹೇಳುವವರು ಇದ್ದಾರೆ. ಬುದ್ಧಿ ಬೇಕಾದಷ್ಟಿತ್ತು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವಷ್ಟು ಇತ್ತು.

ಚಿತ್ರ ನೋಡಿದ ನಮ್ಮ ಲೆಕ್ಚರರ್ ಒಂದು ಸಲಹೆ ಕೊಟ್ಟರು. ಕಥಾಚಿತ್ರದ ವಿಭಾಗಕ್ಕೆ ಹದಿನಾಲ್ಕು ಚಿತ್ರಗಳು ಬಂದಿವೆ, ಸಾಕ್ಷ್ಯಚಿತ್ರಕ್ಕೆ ಎರಡೇ. ಇದರಲ್ಲಿ ಹೇಗೂ ಸಂಭಾಷಣೆ ಇಲ್ಲ, ಸಾಯುವ ದೃಶ್ಯವನ್ನು ಕತ್ತರಿಸಿ ಹಿನ್ನೆಲೆಯಲ್ಲಿ ಒಂದು ವಿವರಣೆ ಓದಿದರೆ ಸಾಕ್ಷ್ಯಚಿತ್ರವೇ ಆಯಿತು. ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿದೆ. ಮೊದಲಿಗೆ ಒಂದು ಫಲಕ ಹಾಕಿದೆ: ‘ಇದು ನಿಜ ಬದುಕಿನ ಚಿತ್ರ’. ಉಜ್ವಲನ ಗಡಸು ದನಿಯಲ್ಲಿ ವಿವರಣೆ: ‘ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಈ ತಾಯಿ ಇಪ್ಪತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ.’ ಊರಿನ ಹೆಸರನ್ನೂ ಬಿಡಲಿಲ್ಲ. ಕೊನೆಯಲ್ಲಿ ಕೃತಜ್ಞತೆ ಎಂದು ಸೇಸಮ್ಮಕ್ಕನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಅವರಿಗೆ ಬಹಳ ದೊಡ್ಡ ಗೌರವ ಮಾಡಿದೆನೆಂದು ಬೀಗಿದೆ.

ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಭಾಷಣದಲ್ಲಿ ಆ ಕೈಯ ಬಗ್ಗೆಯೇ ಐದು ನಿಮಿಷ ಮಾತಾಡಿದರು. ಶ್ರಮಿಕ ವರ್ಗದ ಅಸಹಾಯಕತೆ ಆ ಒಂದು ಕೈಯಲ್ಲಿ ಮೂಡಿದೆ ಎಂದರು. ಮೆಣಸಿನ ಘಾಟಿಗೆ ಉಸಿರು ಸಿಕ್ಕದೆ ಒಬ್ಬಳು ಹೆಂಗಸು ಸಾಕು ಮಾಡು ಎಂದು ಬೇಡಿಕೊಂಡ ಕೈ ಅದು. ಚಪ್ಪಾಳೆ ಬಿತ್ತು, ನಾನು ಕ್ಯಾಪ್ ತೆಗೆದು ನಮಸ್ಕರಿಸಿದೆ.

ನಮ್ಮೂರಿನ ಕೇಬಲ್‌ನವರು ಹೆಮ್ಮೆಯಿಂದ ಭಾನುವಾರ ಮೂರು ಸಲ ಚಿತ್ರ ಹಾಕಿದರು. ಸೇಸಮ್ಮಕ್ಕನೂ ನಮ್ಮ ಮನೆಗೆ ಬಂದು ನೋಡಿ, ನಾನೇನಾ ಇದು ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ಎರಡು ವಾರ ಕಳೆಯುವುದರೊಳಗೆ ನಗು ನಿಂತಿತು. ಅವರ ಜಗಲಿಗೆ ಬೀಡಿ ಕಟ್ಟಲು ಬರುತ್ತಿದ್ದ ಅವ್ವಮ್ಮ, ಪೂವಮ್ಮ ಎಲ್ಲ ಒಂದೊಂದು ನೆವ ಹೇಳಿ ಬರುವುದು ಬಿಟ್ಟರು. ಬ್ರಾಂಚಿನಲ್ಲಿ ಚೆಕ್ಕರ್ ಅವರ ಕಟ್ಟುಗಳನ್ನು ಮುಟ್ಟಲಿಲ್ಲ. ಮುರಿಯಲೂ ಇಲ್ಲ, ಚೀಲದೊಂದಿಗೆ ಹಾಗೆಯೇ ಹಿಂದಕ್ಕೆ ತಳ್ಳಿದ. ಜನ ಬಾಯಿಗೆ ಇಡುವ ವಸ್ತು, ಡಾಕ್ಟರರ ಸರ್ಟಿಫಿಕೇಟ್ ತನ್ನಿ ಎಂದ. ಅದು ಸುಮ್ಮನೆ ಆಕ್ಟಿಂಗ್ ಎಂದು ಸೇಸಮ್ಮಕ್ಕ ಹೇಳಿದರೆ, ಮೊದಲಿಗೇ ನಿಜ ಎಂದು ಬರೆದು ಬರ್ತದಲ್ಲ ಎಂದು ನಾಲ್ಕು ಮಂದಿ ಹೆಂಗಸರು ಒಟ್ಟಿಗೆ ಕೇಳಿದರಂತೆ.

ಸೇಸಮ್ಮಕ್ಕ ಬಂಟ್ವಾಳಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿದರು, ಎದೆಯ ಎಕ್ಸ್‌ರೇ ತೆಗೆಸಿದರು. ಎಲ್ಲವೂ ಸರಿಯಿತ್ತು. ಆ ದೊಡ್ಡ ಲಕೋಟೆಯನ್ನು ಹಿಡಿದುಕೊಂಡು ಅವರು ಬ್ರಾಂಚಿಗೂ ಮನೆಮನೆಗೂ ಹೋಗಿ ಬೆಳಕಿಗೆ ಹಿಡಿದು ತೋರಿಸಿದ್ದನ್ನು ನಾನು ನೋಡಿದ್ದೇನೆ. ಕಪ್ಪು ಹಾಳೆಯಲ್ಲಿ ಎಲುಬು ನೋಡಿ ಯಾರಿಗೆ ಏನು ತಿಳಿಯಬೇಕು? ರೋಗ ಇಲ್ಲದವರು ಎಕ್ಸ್‌ರೇ ಯಾಕೆ ತೆಗೆಸುತ್ತಾರೆ ಎಂದು ಜನ ತಮ್ಮೊಳಗೆ ಕೇಳಿಕೊಂಡರು. ಅವರು ತೋರಿಸಿದಷ್ಟೂ ಸಂಶಯ ಗಟ್ಟಿಯಾಯಿತು. ಇಷ್ಟಾಗುವಾಗ ಪಕ್ಕದ ಮನೆಯಲ್ಲಿ ನಾನು ಬಹುಮಾನದ ಕಪ್ಪಿಗೆ ಬ್ರಾಸೋ ಹಾಕಿ ಉಜ್ಜುತ್ತಿದ್ದೆ.

ಇದೆಲ್ಲವನ್ನೂ ಅವರು ಸಹಿಸುತ್ತಿದ್ದರೋ ಏನೋ. ಆದರೆ ಸರಸಕ್ಕನಿಗೆ ವೇಣೂರಿನಿಂದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಧನರಾಜ್, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ. ಒಳ್ಳೆಯ ಜನ ಎಂದು ಎಲ್ಲರೂ ಹೇಳುತ್ತಿದ್ದರು. ನೋಡಿ ಒಪ್ಪಿಯಾಗಿತ್ತು, ನಿಶ್ಚಯದ ದಿನ ಮಾತ್ರ ಬಾಕಿ. ಅದೇ ಕೇಬಲ್ ಅವರ ಕಡೆಯೂ ಇತ್ತು. ಹುಡುಗನ ತಂದೆ ನೋಣಯ್ಯ ಸಂಬಂಧ ತಂದವರ ಮೂಲಕ ವಿಚಾರಿಸಿ ಕಳಿಸಿದರು. ಸೇಸಮ್ಮಕ್ಕ ಅದೇ ಎಕ್ಸ್‌ರೇಯನ್ನು ಅವರ ಕೈಯಲ್ಲಿ ಕೊಟ್ಟು ಕಳಿಸಿದರು. ನಾಲ್ಕು ದಿನ ಬಿಟ್ಟು ಮಾತು ಬಂತು: ಚಿತ್ರ ತೆಗೆದ ಹುಡುಗನನ್ನು ಕರೆದುಕೊಂಡು ಒಮ್ಮೆ ಬನ್ನಿ, ಅವನ ಬಾಯಿಂದಲೇ ಕೇಳುವ.

ಹೊರಡುವ ಹಿಂದಿನ ದಿನ ನಾನು ಲೆಕ್ಚರರಿಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. ನಟನೆ ಎಂದು ಹೊರಗೆ ಗೊತ್ತಾದರೆ ಬಹುಮಾನ ವಾಪಸು, ಕಾಲೇಜಿನ ಹೆಸರು ಪೇಪರಿನಲ್ಲಿ, ನಿನ್ನ ಭವಿಷ್ಯವೂ ನೋಡಿಕೋ ಎಂದರು. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಅವರನ್ನು ದೂರಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೂಡುಬಿದಿರೆಗೆ ಹೋಗಿ ವೇಣೂರಿನ ಬಸ್ಸು ಹತ್ತಿದೆವು. ಸೇಸಮ್ಮಕ್ಕ ಮದುವೆಗಳಿಗೆಂದು ಎತ್ತಿಟ್ಟ ಸೀರೆ ಉಟ್ಟಿದ್ದರು. ಬಸ್ಸಿನಲ್ಲಿ ನಾನು ಅಳುವ ದನಿಯಲ್ಲಿ ಲೆಕ್ಚರರು ಅಂದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ನನ್ನ ತೊಡೆಯ ಮೇಲೆ ಕೈಯಿಟ್ಟು, “ಹೆದರಬೇಡ ಮಗಾ. ಇದ್ದದ್ದನ್ನು ಇದ್ದ ಹಾಗೆ ಹೇಳು, ಮತ್ತೆ ಎಲ್ಲ ಸರಿಯಾಗ್ತದೆ” ಅಂದರು.

ನೋಣಯ್ಯನವರ ಮನೆಯ ಚಾವಡಿಯಲ್ಲಿ ಏಳೆಂಟು ಮಂದಿ ಇದ್ದರು. ಎಕ್ಸ್‌ರೇಯ ಲಕೋಟೆ ಟೀಪಾಯಿಯ ಮೇಲಿತ್ತು. ಕಾಫಿ, ಬನ್ಸ್ ಬಂತು. ಯಾರೂ ಗದರಲಿಲ್ಲ, ಎಲ್ಲರೂ ನಗುನಗುತ್ತಲೇ ಇದ್ದರು. ನೋಣಯ್ಯನವರು ನನ್ನ ಓದು ವಿಚಾರಿಸಿದರು, ಬಹುಮಾನಕ್ಕೆ ಶಾಭಾಸ್ ಎಂದರು. ಆಮೇಲೆ ಕೇಳಿದರು, “ಆ ಸಿನಿಮಾದಲ್ಲಿ ಇವರು ಕೆಮ್ಮುವುದು ಉಂಟಲ್ಲ, ಅದು ಸುಮ್ಮನೆಯಾ, ನಿಜದ್ದಾ?”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಸೇಸಮ್ಮಕ್ಕನೂ ನೋಡುತ್ತಿದ್ದರು. ನಾನು ಹೇಳಿದೆ, “ಆ ದಿನ ಅವರಿಗೆ ಕೆಮ್ಮು ಇತ್ತು.”

ಎಷ್ಟು ಜಾಣ ಉತ್ತರ ನೋಡಿ. ಕೆಮ್ಮು ಇದ್ದದ್ದು ನಿಜವೇ, ಮೆಣಸು ಸುಟ್ಟವನು ನಾನು. ಬಸ್ಸಿನಲ್ಲೇ ಯೋಚಿಸಿ ಇಟ್ಟುಕೊಂಡಿದ್ದ ವಾಕ್ಯ ಅದು. ಸುಳ್ಳೂ ಅಲ್ಲ, ಬಹುಮಾನವೂ ಹೋಗುವುದಿಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಸೇಸಮ್ಮಕ್ಕ ಏನೂ ಹೇಳಲಿಲ್ಲ. ಅವರು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ನೋಣಯ್ಯನವರು ಮಳೆಯ ವಿಷಯ ತೆಗೆದರು. ನಾನು ಇನ್ನೊಂದು ಬನ್ಸ್ ತಿಂದೆ. ಮರುದಿನ ಸಂಬಂಧ ತಂದವರು ಬಂದು, ಅವರಿಗೆ ಜಾತಕ ಅಷ್ಟು ಸರಿ ಬರುವುದಿಲ್ಲವಂತೆ ಎಂದು ಹೇಳಿ, ಲಕೋಟೆಯನ್ನು ವಾಪಸು ಕೊಟ್ಟು ಹೋದರು.

ಆಮೇಲೆ ಊರು ನಿಧಾನವಾಗಿ ಎಲ್ಲ ಮರೆಯಿತು. ವರ್ಷ ತುಂಬುವ ಹೊತ್ತಿಗೆ ಬ್ರಾಂಚಿನವರು ಬೀಡಿ ತೆಗೆದುಕೊಂಡರು. ಅವ್ವಮ್ಮ, ಪೂವಮ್ಮ ಜಗಲಿಗೆ ಮರಳಿದರು. ಆದರೆ ಸೇಸಮ್ಮಕ್ಕ ಅಲ್ಲಿಂದ ಮುಂದೆ ಚೆಕ್ಕರನ ಎದುರು ಕ್ಯಾಲೆಂಡರ್ ಓದಲಿಲ್ಲ, ಉಳಿದವರ ಹಾಗೆ ಅವನ ಬೆರಳು ನೋಡುತ್ತ ನಿಲ್ಲುತ್ತಿದ್ದರು ಎಂದು ಅಮ್ಮ ಹೇಳಿದ್ದಾರೆ. ಸರಸಕ್ಕನಿಗೆ ಆರು ವರ್ಷ ಬೇರೆ ಸಂಬಂಧ ಬರಲಿಲ್ಲ. ಕೊನೆಗೆ ಕನ್ಯಾನದ ಒಬ್ಬರಿಗೆ ಎರಡನೆಯ ಹೆಂಡತಿಯಾಗಿ ಹೋದಳು. ಮೊದಲ ಹೆಂಡತಿ ತೀರಿಹೋಗಿ ಎರಡು ಮಕ್ಕಳಿದ್ದ ಮನೆ. ಚೆನ್ನಾಗಿಯೇ ಇದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತಿನಿಂದ ನನಗೆ ಸಮಾಧಾನ ಮಾಡಲು ಬಂದವರನ್ನು ಕಂಡರೆ ಮೈ ಉರಿಯುತ್ತದೆ. ಸರಸಕ್ಕನ ಮದುವೆಗೆ ವಿಡಿಯೋದವನನ್ನು ಸೇಸಮ್ಮಕ್ಕ ಬಂಟ್ವಾಳದಿಂದ ಕರೆಸಿದ್ದರು. ನನ್ನ ಸ್ಟುಡಿಯೋ ಅವರ ಮನೆಯಿಂದ ಹತ್ತು ನಿಮಿಷದ ದಾರಿ.

ಹಾಗೆಂದು ಸೇಸಮ್ಮಕ್ಕ ಒಂದು ದಿನವೂ ನನ್ನನ್ನು ಬೈದವರಲ್ಲ. ದಾರಿಯಲ್ಲಿ ಸಿಕ್ಕಿದರೆ ಚಹಾ ಆಯಿತಾ ಎಂದು ಕೇಳುತ್ತಾರೆ. ನನ್ನ ಮದುವೆಗೆ ಬಂದು ಅಕ್ಕಿಕಾಳು ಹಾಕಿ ಹೋದರು. ಬೈದಿದ್ದರೆ ಒಳ್ಳೆಯದಿತ್ತು. ಹದಿನೆಂಟು ವರ್ಷ ಅವರ ಆ ಮರ್ಯಾದೆಯನ್ನು ನಾನು ಕ್ಷಮೆ ಎಂದು ಲೆಕ್ಕ ಹಾಕಿಕೊಂಡು ಬದುಕಿದ್ದೆ.

ಕಳೆದ ತಿಂಗಳು ಉಜ್ವಲ ಫೋನ್ ಮಾಡಿದ. ಅವನೀಗ ಮೂಡುಬಿದಿರೆಯಲ್ಲಿ ಕಾರ್ಯಕ್ರಮ ನಡೆಸಿಕೊಡುವ ಸಂಸ್ಥೆ ಇಟ್ಟಿದ್ದಾನೆ. ಹಳೆ ವಿದ್ಯಾರ್ಥಿಗಳ ಸಮಾವೇಶವಂತೆ, ನಮ್ಮ ಚಿತ್ರದ ಹಳೆಯ ಸಿಡಿ ಸಿಕ್ಕಿತಂತೆ, ಶುದ್ಧಮಾಡಿ ಹೊಸ ಪಿಟೀಲು ಸಂಗೀತ ಹಾಕಿಸಿ ಯೂಟ್ಯೂಬಿಗೆ ಬಿಟ್ಟಾಗಿದೆಯಂತೆ. ವೇದಿಕೆಯಲ್ಲಿ ನನಗೂ ಸೇಸಮ್ಮಕ್ಕನಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. “ಆ ಅಜ್ಜಿ ಇನ್ನೂ ಇದ್ದಾರಲ್ಲ ಮಾರಾಯ, ಅದೇ ದೊಡ್ಡ ಹೈಲೈಟ್” ಎಂದ. ಬೇಡ, ಅದನ್ನು ತೆಗೆದುಹಾಕು ಎಂದೆ. ಯಾಕೆಂದು ಕೇಳಿದ. ಮೆಣಸಿನಿಂದ ಹಿಡಿದು ವೇಣೂರಿನವರೆಗೆ ಹೇಳಿದೆ. ಅವನು, ಇದನ್ನೂ ವೇದಿಕೆಯಲ್ಲಿ ಹೇಳಿದರೆ ಜನರಿಗೆ ಬಹಳ ಟಚ್ ಆಗ್ತದೆ ಎಂದ. ನಾನು ಬರುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಮರುದಿನ ಸ್ಟುಡಿಯೋ ಮುಚ್ಚಿ ಬೈಕಿನಲ್ಲಿ ವೇಣೂರಿಗೆ ಹೋದೆ. ಯಾವ ದೊಡ್ಡ ಮನಸ್ಸಿನಿಂದಲೂ ಹೋದದ್ದಲ್ಲ. ಮೈಗೆ ಅಂಟಿದ್ದನ್ನು ಎಲ್ಲಾದರೂ ಕೆರೆದು ಹಾಕಬೇಕಿತ್ತು. ಧನರಾಜರ ಅಂಗಡಿ ಈಗ ದೊಡ್ಡದಾಗಿದೆ, ಅವರು ಸಾಮಾನು ತರಲು ಹೋಗಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ನೋಣಯ್ಯನವರು ಕೂತಿದ್ದರು. ಎಂಬತ್ತು ದಾಟಿದೆ, ಕಿವಿ ಕಣ್ಣು ಚುರುಕಾಗಿಯೇ ಇವೆ. ನಾನು ಯಾರೆಂದು ಹೇಳಿದೆ. ಅವರು ಕೂಡಲೇ ಗುರುತಿಸಿದರು. ಎದುರಿನ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಕೆಂಡಕ್ಕೆ ಮೆಣಸು ಹಾಕಿದ್ದು, ಬೈರಾಸಿನ ಪುನರ್ಪುಳಿ, ನನ್ನ ಆ ಜಾಣ ವಾಕ್ಯ.

ಅವರು ಅಡ್ಡಮಾತಾಡದೆ ಕೇಳಿದರು. ಆಮೇಲೆ ಹೇಳಿದ್ದನ್ನು ತುಳುವಿನಿಂದ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. “ಎಕ್ಸ್‌ರೇಯನ್ನು ನನ್ನ ಮಗ ನೀವು ಬರುವ ಮೊದಲೇ ಮೂಡುಬಿದಿರೆಯಲ್ಲಿ ಡಾಕ್ಟರರಿಗೆ ತೋರಿಸಿದ್ದ. ಏನೂ ಇಲ್ಲ ಅಂದಿದ್ದರು. ನಮಗೆ ಒಪ್ಪಿಗೆಯೇ ಇತ್ತು. ನಾಳೆ ನೆಂಟರು ಒಂದು ಮಾತು ಎತ್ತಬಾರದು ಅಂತ ನಿನ್ನನ್ನು ಎಲ್ಲರ ಎದುರು ಕೇಳಿದ್ದು, ಅಷ್ಟೇ.”

ಹಾಗಾದರೆ ಯಾಕೆ ಬೇಡವೆಂದಿರಿ ಎಂದು ಕೇಳಿದೆ.

“ನೀನು ಕೆಮ್ಮು ಇತ್ತು ಅಂದೆ. ಅದು ಸುಳ್ಳಾಗಿದ್ದರೆ ಆ ಹೆಂಗಸು ಅಲ್ಲೇ ಎದ್ದು ಹೇಳ್ತಿದ್ದಳು. ಮಗಳ ಸಂಬಂಧದ ವಿಷಯ, ಯಾವ ತಾಯಿ ಬಾಯಿ ಮುಚ್ಚಿ ಕೂರ್ತಾಳೆ? ಅವಳು ತುಟಿ ಬಿಚ್ಚಲಿಲ್ಲ. ಹಾಗಾದರೆ ಎಕ್ಸ್‌ರೇ ಬೇರೆ ಯಾರದ್ದೋ ಇರಬೇಕು ಅಂತ ನನ್ನ ಹೆಂಡತಿ ಅಂದಳು. ನನಗೂ ಹೌದು ಅಂತ ಕಂಡಿತು. ತಪ್ಪಾಯ್ತು ಅಂತ ಆ ಹೆಂಗಸಿಗೆ ಹೇಳು. ನನಗೆ ಅಷ್ಟು ದೂರ ಬರ್ಲಿಕ್ಕೆ ಆಗುವುದಿಲ್ಲ.”

ಆ ಮುದುಕರಿಗೆ ಒಂದು ನಿಮಿಷದಲ್ಲಿ ಬಾಯಿಗೆ ಬಂದ ಮಾತು ನನಗೆ ಹದಿನೆಂಟು ವರ್ಷದಲ್ಲಿ ಬಂದಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಸೇಸಮ್ಮಕ್ಕನ ಮನೆಗೆ ಹೋದೆ. ಎಪ್ಪತ್ತಮೂರಾಗಿದೆ. ಬೀಡಿ ಬಿಟ್ಟು ಮೂರು ವರ್ಷವಾಯಿತು, ಬೆರಳು ಮಡಚುವುದಿಲ್ಲ. ಕನ್ಯಾನದಿಂದ ಸರಸಕ್ಕನ ಮೊಮ್ಮಗು ಬಂದಿತ್ತು, ಆ ಮನೆಯ ಮೊದಲ ಹೆಂಡತಿಯ ಹಿರಿಯ ಮಗಳ ಕೂಸು. ಅದಕ್ಕೆ ಉಣಿಸಿ ಮಲಗಿಸಿ ಜಗಲಿಯಲ್ಲಿ ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ. ಕಾಲು ಹಿಡಿದು ಅಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅದೂ ಒಂದು ದೃಶ್ಯವೇ, ಮನಸ್ಸಿನಲ್ಲೇ ತೆಗೆದಾಗಿತ್ತು. ಅದು ಹೊಳೆದ ಮೇಲೆ ಕೈ ಚಾಚಲು ಆಗಲಿಲ್ಲ. ನೋಣಯ್ಯನವರು ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪಾಯಿತು ಎಂದು ಅವರ ಪರವಾಗಿಯೂ ನನ್ನ ಪರವಾಗಿಯೂ ಹೇಳಿದೆ.

ಅವರು ತಲೆಯಾಡಿಸಿದರು. ಒಪ್ಪಿಗೆಯೂ ಅಲ್ಲ, ಬೇಡವೆಂದೂ ಅಲ್ಲ.

ನಾನು ಕೇಳಿದೆ, “ಸೇಸಮ್ಮಕ್ಕಾ, ಅವತ್ತು ನೀವು ಯಾಕೆ ಸುಮ್ಮನೆ ಕೂತಿರಿ? ಇವ ಸುಳ್ಳು ಹೇಳ್ತಾನೆ ಅಂತ ಒಂದು ಮಾತು ಹೇಳಿದ್ದರೆ ಮುಗೀತಿತ್ತಲ್ಲ.”

“ನಾನು ಹೇಳಿದರೆ ತಾಯಿ ಮಗಳಿಗೋಸ್ಕರ ಹೇಳುವ ಮಾತು ಅಂತ ಆಗ್ತದೆ. ನನ್ನ ಮಾತು ನಡೆಯುವುದಿಲ್ಲ ಅಂತಲೇ ಅಲ್ವಾ ನಿನ್ನನ್ನು ಕರ್ಕೊಂಡು ಹೋದದ್ದು” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಮಗು ಎದ್ದಿತೇನೋ ಎಂದು ಒಮ್ಮೆ ಹಿಂದಕ್ಕೆ ತಿರುಗಿ ನೋಡಿ ಮತ್ತೆ ನನ್ನ ಕಡೆ ತಿರುಗಿದರು. “ನೀನು ಸರಿಮಾಡಿ ಹೇಳ್ತೀ ಅಂತ ಕಾದೆ. ಹುಡುಗ ಹೆದರಿದ್ದಾನೆ, ಒಂದು ಗಳಿಗೆ ಬಿಟ್ಟು ಹೇಳ್ತಾನೆ ಅಂತ ಕಾಫಿ ಮುಗಿಯುವವರೆಗೆ ಕಾದೆ. ಅಂಗಳ ಇಳಿಯುವಾಗ ತಿರುಗಿ ಹೋಗ್ತೀ ಅಂತ ಕಾದೆ. ಬಸ್ಸಿನಲ್ಲಿ ನೀನು ನಿದ್ದೆ ಮಾಡಿದೆ.”

ನನಗೆ ನಿದ್ದೆ ಮಾಡಿದ ನೆನಪೇ ಇರಲಿಲ್ಲ.

“ಆಮೇಲೆ?” ಎಂದೆ.

“ಆಮೇಲೆ ನಿನ್ನನ್ನು ಬಿಟ್ಟೆ.”

ಅಷ್ಟು ಹೇಳಿ ಅವರು ಗೋಡೆ ಹಿಡಿದುಕೊಂಡು ಎದ್ದರು. ಚಹಾಕ್ಕೆ ಸಕ್ಕರೆ ಹಾಕಬಹುದಾ, ನಿನಗೆ ಶುಗರ್ ಏನಾದರೂ ಉಂಟಾ ಎಂದು, ಮೊದಲ ಸಲ ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿ, ಒಳಗೆ ಹೋದರು.